ಇಷ್ಟ ಇದ್ದವರು ಬನ್ನಿ

ವಾರ್ಡರಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಅವಳನ್ನು ಬಲ್ಲವರೆಲ್ಲ ಹೇಳುತ್ತಾರೆ. ಮೂಗಿನ ತುದಿಗೆ ಬರಬೇಕಾದರೆ ಕೋಪ ಎಲ್ಲಿಂದಲಾದರೂ ಹೊರಡಬೇಕಲ್ಲ. ಇವಳದು ಅಲ್ಲೇ ಒಲೆ ಹೂಡಿ ಸಂಸಾರ ಮಾಡಿಕೊಂಡಿತ್ತು. ಹೆಂಗಸರ ಜೈಲಿನಲ್ಲಿ ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯ ಹೊಸ್ತಿಲಿಗೆ ಬರುವವರೆಗೂ ಅವಳು ಬೈಯದೆ ಬಿಟ್ಟ ಮನುಷ್ಯರಿಲ್ಲ. ಬಿಸಿಲಿಗೆ ಹಿಡಿದರೆ ಆಚೆ ಕಡೆ ಕಾಣುವಷ್ಟು ತೆಳ್ಳಗಿನ ಸೋಪು ತಂದುಕೊಟ್ಟ ಗುತ್ತಿಗೆದಾರನಿಗೆ ಬೈದಳು. ಹಲ್ಲುನೋವಿಗೂ ಹೊಟ್ಟೆನೋವಿಗೂ ಒಂದೇ ಮಾತ್ರೆ ಬರೆದುಕೊಡುವ ಡಾಕ್ಟರಿಗೆ ಬೈದಳು. ನಲ್ಲಿ ಬಿಟ್ಟುಕೊಂಡು ಹರಟೆ ಹೊಡೆಯುವ ಕೈದಿಗಳಿಗಂತೂ ದಿನಬೆಳಗಾದರೆ ಮಂಗಳಾರತಿ. ಎದುರಿಗೆ ಎಲ್ಲರೂ "ವಾರ್ಡರಕ್ಕ" ಎನ್ನುತ್ತಿದ್ದರು, ಬೆನ್ನ ಹಿಂದೆ "ಒಣಮೆಣಸಿನಕಾಯಿ". ಅದು ಅವಳಿಗೂ ಗೊತ್ತಿತ್ತು.

"ಹಸೀದು ಅಂದಿದ್ರೂ ಒಂದು ಮರ್ಯಾದೆ ಇರ್ತಿತ್ತು," ಎಂದು ಗಂಡನ ಹತ್ತಿರ ಗೊಣಗಿದ್ದಳು.

ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಇಂಜಿನ್ನುಗಳ ಸದ್ದಿಗೆ ಅವನ ಒಂದು ಕಿವಿ ಕೈಕೊಟ್ಟಿತ್ತು. ಊಟಕ್ಕೆ ಕೂರುವಾಗ ಆ ಕಿವಿಯನ್ನೇ ಹೆಂಡತಿಯ ಕಡೆಗೆ ತಿರುಗಿಸಿಕೊಂಡು ಕೂರುತ್ತಿದ್ದ. ಆ ಮನೆ ಶಾಂತವಾಗಿ ನಡೆದದ್ದು ಹೀಗೆ.

ಆದರೆ ಅವಳ ಬಗ್ಗೆ ಇನ್ನೆರಡು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಅಷ್ಟು ವರ್ಷದಲ್ಲಿ ಅವಳು ಯಾರ ಮೇಲೂ ಕೈ ಎತ್ತಲಿಲ್ಲ. ಒಳಗಿನ ಹೆಂಗಸರಿಗೆ ಒಮ್ಮೆಯೂ ಸುಳ್ಳು ಹೇಳಲಿಲ್ಲ. ಮನೆಯಿಂದ ಯಾರೂ ಬಂದಿಲ್ಲವೆಂದರೆ ಬಂದಿಲ್ಲ, ಜಾಮೀನು ಸಿಗುವುದಿಲ್ಲವೆಂದರೆ ಸಿಗುವುದಿಲ್ಲ. ಬೇರೆ ವಾರ್ಡರುಗಳು "ನೋಡೋಣ, ನೋಡೋಣ" ಎಂದು ಬೆಣ್ಣೆ ಹಚ್ಚುತ್ತಿದ್ದರೆ ಇವಳು ಮುಖಕ್ಕೆ ಹೊಡೆದಂತೆ ಹೇಳಿ ಹೋಗುತ್ತಿದ್ದಳು. ಅತ್ತು ಮುಗಿದ ಮೇಲೆ ಹೆಂಗಸರು ನಂಬುತ್ತಿದ್ದದ್ದು ಇವಳನ್ನೇ.

ಆ ಜೈಲಿನ ಹೊಲಿಗೆ ವಿಭಾಗದಲ್ಲಿ ಒಬ್ಬಳಿದ್ದಳು. ಅಂಗಿಗೆ ಅವಳು ಹಾಕಿದ ಕಾಜಾ ಎಷ್ಟು ಸಲ ಗುಂಡಿ ಹಾಕಿ ಬಿಚ್ಚಿದರೂ ಒಂದು ಎಳೆ ಬಿಡುತ್ತಿರಲಿಲ್ಲ. ಅದಕ್ಕೇ ಎಲ್ಲರೂ ಅವಳನ್ನು ಕಾಜಾ ಎಂದೇ ಕರೆಯುತ್ತಿದ್ದರು. ಕುಡಿದು ಬಂದು ಜುಟ್ಟು ಹಿಡಿದ ಮೈದುನನ ಮೇಲೆ ಒಂದು ಗಳಿಗೆ ಕತ್ತರಿ ಎತ್ತಿದ್ದಳು. ಆ ಒಂದು ಗಳಿಗೆಗೆ ಜೀವಾವಧಿ. ಆಗ ಅಂಬೆಗಾಲಿಡುತ್ತಿದ್ದ ಮಗಳು ಕಾಜಾಳ ಅಕ್ಕನ ಮನೆಯಲ್ಲಿ ಬೆಳೆದು ಈಗ ಹೈಸ್ಕೂಲಿಗೆ ಹೋಗುತ್ತಿದ್ದಳು. ಸನ್ನಡತೆ ನೋಡಿ ಅವಧಿಗೆ ಮುಂಚೆ ಬಿಡುಗಡೆ ಮಾಡುವ ಸಮಿತಿ ಮುಂದಿನ ವಾರ ಸೇರುವುದಿತ್ತು, ಕಾಜಾಳ ಹೆಸರು ಅದರ ಮುಂದಿತ್ತು. ಆ ಸಮಿತಿ ಹಿಂದಿನ ಸಲ ಸೇರಿದಾಗ ಈಗಿನ ಸೂಪರಿಂಟೆಂಡೆಂಟ್ ಸಾಹೇಬರು ಇಲ್ಲಿಗೆ ಬಂದೇ ಇರಲಿಲ್ಲ. ಈ ಸಲ ತಪ್ಪಿದರೆ ಮಗಳ ಮದುವೆಯ ಹೊತ್ತಿಗೂ ಇವಳು ಇಲ್ಲೇ ಕೂತು ಕಾಜಾ ಹಾಕುತ್ತಿರಬೇಕು.

"ಇನ್ನೊಂದು ವಾರ ಬಾಯಿ ಹೊಲ್ಕೊಂಡು ಇರು," ಎಂದು ವಾರ್ಡರಕ್ಕ ದಿನಾ ಹೇಳುತ್ತಿದ್ದಳು. "ಯಾರಾದ್ರೂ ತಲೆ ಮೇಲೆ ಕೊಳೆ ನೀರು ಸುರಿದ್ರೂ ಥ್ಯಾಂಕ್ಸ್ ಅಂದು ಬಾ."

"ಆಯ್ತಕ್ಕ," ಎನ್ನುತ್ತಿದ್ದಳು ಕಾಜಾ, ಸೂಜಿಯಿಂದ ಕಣ್ಣೆತ್ತದೆ.

ಇಂಥ ಹೊತ್ತಿನಲ್ಲಿ ವಕ್ಕರಿಸಿದಳು ವಿಶ್ವವಿದ್ಯಾಲಯದ ಮೇಡಂ.

ವಕ್ಕರಿಸಿದಳು ಎನ್ನುವುದು ಈಗಿನ ಮಾತು. ಬಂದ ದಿನ ಆಕೆಯಷ್ಟು ನಯವಾದ ಹೆಣ್ಣನ್ನು ಆ ಗೋಡೆಗಳು ನೋಡಿರಲಿಲ್ಲ. ಅಪರಾಧ ಮಾಡಿದವರ ಮನಸ್ಸನ್ನು ಅಧ್ಯಯನ ಮಾಡುವ ವಿಭಾಗದವಳು. ಕಸ ಗುಡಿಸುವ ಕೈದಿಗೂ "ನೀವು" ಎನ್ನುತ್ತಿದ್ದಳು. ಎಲ್ಲ ಅನುಮತಿಯನ್ನೂ ಅಚ್ಚುಕಟ್ಟಾಗಿ ತಂದಿದ್ದಳು. ನೆನಪು ಮತ್ತು ಭಾಷೆಯ ಬಗ್ಗೆ ಒಂದು ಚಿಕ್ಕ ಅಧ್ಯಯನ, ಒಬ್ಬೊಬ್ಬರಿಗೆ ಅರ್ಧ ಗಂಟೆ, ಅಷ್ಟೇ ಎಂದಳು. ಅದು ಹಸಿ ಸುಳ್ಳು. ಆದರೆ ಅಂಥ ಸುಳ್ಳಿಗೂ ಅವರ ಶಾಸ್ತ್ರದಲ್ಲಿ ಒಂದು ಜಾಗವಿದೆಯಂತೆ, ಅದಕ್ಕೂ ಅವರದೇ ಒಂದು ಸಮಿತಿ ಕೂತು ಒಪ್ಪಿಗೆ ಕೊಡುತ್ತದಂತೆ.

"ಯಾರನ್ನೂ ಬಲವಂತ ಮಾಡಬಾರದು," ಎಂದು ಮೇಡಂ ವಾರ್ಡರಕ್ಕನಿಗೆ ಮತ್ತೆ ಮತ್ತೆ ಹೇಳಿದಳು. "ಇಷ್ಟ ಇದ್ದವರು ಮಾತ್ರ ಬರಲಿ. ಬರದೇ ಇದ್ರೆ ಏನೂ ತೊಂದರೆ ಇಲ್ಲ ಅಂತ ಸ್ಪಷ್ಟವಾಗಿ ಹೇಳಿ."

ವಾರ್ಡರಕ್ಕ ಅಂಗಳದ ಕಟ್ಟೆ ಹತ್ತಿ ನಿಂತಳು. ಅವಳಿಗಿದ್ದದ್ದು ಒಂದೇ ಗಂಟಲು.

"ಕೇಳ್ರಿ! ಯೂನಿವರ್ಸಿಟಿಯಿಂದ ಮೇಡಂ ಬಂದಿದ್ದಾರೆ! ಇಷ್ಟ ಇದ್ದವರು ಬನ್ನಿ! ಇಲ್ಲದೋರು ಬರಬೇಡಿ!"

ಅಂಗಳದಲ್ಲಿದ್ದ ಅಷ್ಟೂ ಹೆಂಗಸರು ಎದ್ದರು. ಕೂದಲು ಬಾಚುತ್ತಿದ್ದವಳು ಬಾಚಣಿಗೆಯನ್ನು ತಲೆಯಲ್ಲೇ ಬಿಟ್ಟು ಎದ್ದಳು. ಜೋಡಿ ಜೋಡಿಯಾಗಿ ಸಾಲು ಕಟ್ಟಿದರು, ಬೆಳಗಿನ ಎಣಿಕೆಗೆ ನಿಲ್ಲುವ ಹಾಗೆ. ಜೈಲಿನಲ್ಲಿ ಕಟ್ಟೆಯ ಮೇಲಿಂದ ಬಂದ ಮಾತಿಗೆ ಒಂದೇ ಅರ್ಥ. "ಇಷ್ಟ" ಎನ್ನುವುದನ್ನು ಅವರೆಲ್ಲ ದೊಡ್ಡ ಬಾಗಿಲಲ್ಲಿ ಬಟ್ಟೆ, ಬಳೆಗಳ ಜೊತೆಗೇ ಬಿಚ್ಚಿಟ್ಟು ಬಂದಿದ್ದರು.

ಮೇಡಂ ಎರಡೂ ಕೈ ಜೋಡಿಸಿ, "ಅಬ್ಬಾ, ಎಷ್ಟೊಂದು ಜನಕ್ಕೆ ಆಸಕ್ತಿ ಇದೆ!" ಎಂದಳು.

ಕಾಜಾ ಮಾತ್ರ ಸಾಲಿನಿಂದ ಸ್ವಲ್ಪ ಸರಿದು ಬಂದು ಪಿಸುಗುಟ್ಟಿದ್ದಳು. "ಅಕ್ಕಾ, ಯೂನಿಫಾರಂ ಹೊಲಿಯೋದು ರಾಶಿ ಬಿದ್ದಿದೆ. ನಾನು ಹೋಗದಿದ್ರೆ ನಡೆಯುತ್ತಾ?"

"ಸಮಿತಿ ಮುಂದೆ ಹೋಗೋಳು ನೀನು. ಮೇಡಂ ಬಂದಾಗ ಬರಲಿಲ್ಲ ಅಂದ್ರೆ ಚೆನ್ನಾಗಿರುತ್ತಾ? ಓದಿದೋರು, ಏನೋ ಒಳ್ಳೇದಕ್ಕೇ ಬಂದಿರ್ತಾರೆ. ಹೋಗು."

ಹೀಗೆ ಕಳಿಸಿದವಳು ವಾರ್ಡರಕ್ಕನೇ. ಆಮೇಲೆ ಅವಳು ಊರಿಗೆಲ್ಲ ಬೈದಳು, ನಿಜ. ಆದರೆ ಎಲ್ಲರಿಗಿಂತ ಹೆಚ್ಚು ಬೈದುಕೊಂಡದ್ದು ತನ್ನನ್ನೇ.

ಔಷಧಿ ಇಡುತ್ತಿದ್ದ ಹಳೆಯ ಕೋಣೆಯನ್ನು ಮೇಡಂಗೆ ಕೊಟ್ಟಿದ್ದರು. ಒಂದು ಮೇಜು, ಎರಡು ಕುರ್ಚಿ, ಹೊರಗೆ ಬಾಗಿಲ ಪಕ್ಕ ವಾರ್ಡರಕ್ಕನ ಸ್ಟೂಲು. ದಿನಕ್ಕೆ ಕೆಲವರು ಒಳಗೆ ಹೋಗಿ ಬರುತ್ತಿದ್ದರು. ಒಳಗೆ ನಡೆದದ್ದನ್ನು ಯಾರಿಗೂ ಹೇಳಬಾರದೆಂದು ಮೇಡಂ ಮಾತು ತೆಗೆದುಕೊಂಡಿದ್ದಳು. ಕೆಲವರು ದುಸುಮುಸು ಎನ್ನುತ್ತ ಹೊರಗೆ ಬಂದರು. ಒಬ್ಬಳು ಬಾಗಿಲನ್ನು ಧಡಾರೆಂದು ಹಾಕಿದಳು, ಅದಕ್ಕೆ ಬೈಸಿಕೊಂಡಳು. ಅಡುಗೆಮನೆಯಲ್ಲಿ ದುಡಿಯುವ ಕೈದಿ ಅಜ್ಜಿಯಂಥ ಕೆಲವರು ಮಾತ್ರ ತಲೆ ತಗ್ಗಿಸಿ ಬಂದು, ತಣ್ಣಗೆ ತಮ್ಮ ಕೆಲಸಕ್ಕೆ ಹೋದರು. ಹೆಂಗಸರೆಂದರೆ ಹೀಗಿರಬೇಕು ಎಂದುಕೊಂಡಳು ವಾರ್ಡರಕ್ಕ, ತಾನು ಒಂದು ದಿನವೂ ಹಾಗಿರದವಳು.

ಕಾಜಾಳ ಸರದಿ ಬಂತು. ಬಾಗಿಲು ಮುಚ್ಚಿತು. ಒಳಗೆ ಕಾಜಾಳ ಮಾತು ಬಹಳ ಹೊತ್ತು ಸಣ್ಣಗೆ ಕೇಳಿಸುತ್ತಿತ್ತು. ಆಮೇಲೆ ಮೇಡಂ ಏನೋ ಓದುತ್ತಿರುವ ದನಿ, ಏರಿಳಿತವಿಲ್ಲದ್ದು. ಆಮೇಲೆ ಗೋಡೆಯೇ ಬಿದ್ದಂಥ ಸದ್ದು.

ವಾರ್ಡರಕ್ಕ ಒಳಗೆ ನುಗ್ಗಿದಾಗ ಮೇಡಂನ ಯಾವುದೋ ಯಂತ್ರದ ಪೆಟ್ಟಿಗೆ ಗೋಡೆಗೆ ಬಡಿದು ಚೂರುಚೂರಾಗಿ ಬಿದ್ದಿತ್ತು. ಮೇಡಂ ಮೂಲೆಯಲ್ಲಿ ಮುದುಡಿ ನಿಂತಿದ್ದಳು. ಕಾಜಾ ಕುರ್ಚಿಯ ಬೆನ್ನನ್ನು ಹಿಡಿದುಕೊಂಡು ನಿಂತಿದ್ದಳು. ಇಬ್ಬರೂ ಬಾಯಿ ತೆರೆಯುವ ಮೊದಲೇ ವಾರ್ಡರಕ್ಕನ ಸೀಟಿ ಬಾಯಲ್ಲಿತ್ತು. ಅವಳ ಕೈ ಯಾರನ್ನೂ ಕೇಳಲಿಲ್ಲ. ಅಷ್ಟು ವರ್ಷ ಮಾಡಿದ ಕೆಲಸವನ್ನು ಕೈ ತಾನಾಗಿ ಮಾಡಿ ಮುಗಿಸಿತ್ತು.

ಜೈಲಿನಲ್ಲಿ ಊದಿದ ಸೀಟಿಯನ್ನು ವಾಪಸ್ ತೆಗೆದುಕೊಳ್ಳುವ ಪದ್ಧತಿಯಿಲ್ಲ. ಗಂಟೆ ಬಡಿಯಿತು, ಎಲ್ಲ ಬಾಗಿಲಿಗೂ ಬೀಗ ಬಿತ್ತು, ನಾಲ್ಕು ಕಡೆಯಿಂದ ವಾರ್ಡರುಗಳು ಓಡಿಬಂದು ಕಾಜಾಳನ್ನು ಒಂಟಿ ಕೋಣೆಗೆ ಎಳೆದೊಯ್ದರು. ಸೀಟಿ ಊದಿದ ಮೇಲೆ ವಿಚಾರಣೆ ಆಗಲೇಬೇಕು. ವಿಚಾರಣೆ ಮುಗಿಯುವ ತನಕ ಕೈದಿಯ ಹೆಸರು ಸಮಿತಿಯ ಮುಂದೆ ಹೋಗುವ ಹಾಗಿಲ್ಲ.

"ಅಯ್ಯೋ, ಇಷ್ಟೆಲ್ಲ ಬೇಕಿರಲಿಲ್ಲ," ಎಂದಳು ಮೇಡಂ, ಚೂರುಗಳನ್ನು ಆರಿಸುತ್ತ. "ಅವರದ್ದೇನೂ ತಪ್ಪಿಲ್ಲ. ಇದು ಅಧ್ಯಯನದ ಭಾಗ."

"ಯಾವುದು ಭಾಗ?"

ಮೇಡಂ ಬಾಗಿಲು ಮುಚ್ಚಿ, ತಗ್ಗಿದ ದನಿಯಲ್ಲಿ ವಿವರಿಸಿದಳು. ಅಧ್ಯಯನ ನೆನಪಿನದ್ದಲ್ಲ, ಕೋಪದ್ದು. ಪ್ರತಿಯೊಬ್ಬಳೂ ತನ್ನ ಮಗುವಿನ ಬಗ್ಗೆ ಹೇಳಬೇಕು. ಅದನ್ನು ಪಕ್ಕದ ಕೋಣೆಯಲ್ಲಿ ಒಬ್ಬರು ಕೇಳಿಸಿಕೊಂಡು ಅಭಿಪ್ರಾಯ ಬರೆದಿದ್ದಾರೆಂದು ಹೇಳಿ ಒಂದು ಚೀಟಿ ಓದುತ್ತಾರೆ. ಆಮೇಲೆ ಆ ಪೆಟ್ಟಿಗೆಯ ಮೇಲಿನ ಒಂದು ಗುಂಡಿ ತೋರಿಸುತ್ತಾರೆ. ಅದನ್ನು ಒತ್ತಿದರೆ ಆ ಅಭಿಪ್ರಾಯ ಬರೆದವರ ಕಿವಿಗೆ ಕರ್ಕಶವಾದ ಸದ್ದು ಹೋಗುತ್ತದೆ. ಯಾರು ಎಷ್ಟು ಹೊತ್ತು ಒತ್ತುತ್ತಾರೋ ಅವರಿಗೆ ಅಷ್ಟು ಕೋಪ. ಪಕ್ಕದ ಕೋಣೆಯಲ್ಲಿ ಯಾರೂ ಇಲ್ಲ. ಚೀಟಿ ಬರೆದವಳು ಮೇಡಂ, ಎಲ್ಲರಿಗೂ ಅದೇ ಚೀಟಿ.

"ಏನಿದೆ ಅದರಲ್ಲಿ?"

ಮೇಡಂ ಹಿಂದೆ ಮುಂದೆ ನೋಡಿ, ಓದಿದಳು. "ಇವಳು ಬರೀ ನಾಟಕ ಆಡುತ್ತಿದ್ದಾಳೆ. ಇಂಥ ತಾಯಿಯ ನೆರಳು ಬೀಳದೆ ಬೆಳೆದದ್ದೇ ಆ ಮಗುವಿನ ಪುಣ್ಯ. ಇವಳು ಇನ್ನು ಮುಂದೆಯೂ ದೂರ ಇದ್ದರೇ ಆ ಮಗುವಿಗೆ ಒಳ್ಳೆಯದು."

ವಾರ್ಡರಕ್ಕನ ಪಿತ್ತ ನೆತ್ತಿಗೇರಿತು. ಹೆಂಗಸನ್ನು ಕೂಡಿಹಾಕಿದ್ದಾರೆ, ಮಗುವನ್ನು ದೂರ ಮಾಡಿದ್ದಾರೆ. ಉಳಿದಿದ್ದ ಒಂದೇ ಜಾಗವನ್ನು ಹುಡುಕಿ ಸೂಜಿ ಚುಚ್ಚಿ, ರಕ್ತ ಎಷ್ಟು ಬಂತು ಎಂದು ಅಳೆಯುವ ವಿದ್ಯೆ ಇದು. ಅದಕ್ಕೆ ಪದವಿ ಬೇರೆ ಕೊಡುತ್ತಾರೆ!

"ಕೊನೆಯಲ್ಲಿ ಎಲ್ಲರನ್ನೂ ಕೂರಿಸಿ ನಿಜ ಹೇಳ್ತೀವಿ," ಎಂದಳು ಮೇಡಂ. "ಅದು ನಮ್ಮ ನಿಯಮ."

"ಕೊನೆ ಅಂದ್ರೆ?"

"ಇನ್ನೂ ಬಹಳ ಜನ ಬಾಕಿ ಇದ್ದಾರೆ. ಮುಂದಿನ ತಿಂಗಳಾಗಬಹುದು."

"ಸಮಿತಿ ಮುಂದಿನ ವಾರ ಸೇರುತ್ತೆ. ಬನ್ನಿ, ಈಗಲೇ ಸಾಹೇಬರಿಗೆ ಹೇಳಿ. ನಾನೇ ಕೆಣಕಿದ್ದು ಅಂತ ಹೇಳಿ."

ಮೇಡಂಗೆ ನಿಜಕ್ಕೂ ಸಂಕಟವಾಗಿತ್ತು. ಕಣ್ಣಲ್ಲಿ ನೀರಿತ್ತು. "ಈಗ ಹೇಳಿದ್ರೆ ಉಳಿದವರಿಗೆಲ್ಲ ಗೊತ್ತಾಗಿ ಅಧ್ಯಯನ ಕೆಟ್ಟುಹೋಗುತ್ತೆ. ಅದೂ ಅಲ್ಲದೆ ಈ ಕೋಣೆಯಲ್ಲಿ ಯಾರು ಏನು ಮಾಡಿದ್ರು ಅಂತ ಜೈಲಿನವರಿಗೆ ನಾನು ಹೇಳೋ ಹಾಗಿಲ್ಲ. ಗೌಪ್ಯತೆ. ಅವರ ರಕ್ಷಣೆಗೇ ಇರೋ ನಿಯಮ ಅದು."

"ಅವಳ ರಕ್ಷಣೆಗೆ?"

"ಹೌದು."

"ಅವಳು ಒಂಟಿ ಕೋಣೇಲಿದ್ದಾಳಲ್ರೀ!"

ಮೇಡಂ ತನ್ನ ಪ್ರೊಫೆಸರಿಗೆ ಫೋನ್ ಮಾಡಿದಳು. ಬಹಳ ಹೊತ್ತು "ಹೌದು ಸರ್, ಸರಿ ಸರ್" ಎಂದಳು. ಪ್ರೊಫೆಸರು ಮುಂದುವರಿಸಿ ಎಂದರಂತೆ. ಅವರು ಎಲ್ಲೋ ಫ್ಯಾನಿನ ಕೆಳಗೆ ಕೂತಿದ್ದರು.

ವಾರ್ಡರಕ್ಕ ಸೀದಾ ಸಾಹೇಬರ ಹತ್ತಿರ ಹೋದಳು. ಸಾಹೇಬರು ಕೆಟ್ಟವರಲ್ಲ, ಅತಿಥಿಗಳೆದುರು ಜೈಲು ಚೆನ್ನಾಗಿ ಕಾಣಬೇಕೆಂಬ ಆಸೆಯ ಮನುಷ್ಯ. ಎಲ್ಲ ಕೇಳಿಸಿಕೊಂಡು, "ಮೇಡಂ ಹಾಗೇನೂ ಹೇಳ್ತಿಲ್ವಲ್ಲ ನನ್ನ ಹತ್ರ," ಎಂದರು. "ಕೈದಿ ಪೆಟ್ಟಿಗೆ ಎಸೆದಳೋ ಇಲ್ವೋ? ಸೀಟಿ ಊದಿದ್ದು ಯಾರು? ನೀನೇ ತಾನೆ?"

ಅವಳು ಸೆಲ್ಯೂಟ್ ಹೊಡೆದು ಹೊರಗೆ ಬಂದಳು.

ಆ ಸಂಜೆ ಮನೆಯಲ್ಲಿ ಅವಳು ಬೈಯಲಿಲ್ಲ. ತಟ್ಟೆ ಕುಕ್ಕಲಿಲ್ಲ. ಗಂಡ ಗಾಬರಿಯಾಗಿ, ಮದುವೆಯಾದಂದಿನಿಂದ ಮೊದಲ ಸಲವೋ ಏನೋ, ಚೆನ್ನಾಗಿ ಕೇಳಿಸುವ ಕಿವಿಯನ್ನು ಇವಳ ಕಡೆಗೆ ತಿರುಗಿಸಿದ.

"ಯಾಕೆ, ಮೈಗೆ ಹುಷಾರಿಲ್ವಾ? ನಾಲ್ಕು ಮಾತು ಬೈದುಬಿಡೇ ಮಾರಾಯ್ತಿ, ನನಗೆ ಊಟ ಸೇರ್ತಿಲ್ಲ."

ಅವಳು ಎಲ್ಲ ಹೇಳಿದಳು. ಅವನು ಸುಮ್ಮನೆ ಕೇಳಿ, "ಅದು ಗುಟ್ಟಾಗಿರೋ ತನಕ ತಾನೇ ಆ ಮೇಡಂ ಬಾಯಿ ಬಿಡದೇ ಇರೋದು?" ಎಂದ. ಆಮೇಲೆ ಹುಳಿಗೆ ಉಪ್ಪು ಕಡಿಮೆಯಾಗಿದೆ ಎಂದೂ ಹೇಳಿದ, ಕಾಲ ನೋಡದೆ. ಅದಕ್ಕೆ ಬೈಸಿಕೊಂಡು ನೆಮ್ಮದಿಯಾಗಿ ಉಂಡ.

ಮರುದಿನ ಬೆಳಗಿನ ಎಣಿಕೆಗೆ ಹೆಂಗಸರು ಜೋಡಿ ಜೋಡಿಯಾಗಿ ನಿಂತಿದ್ದರು. ವಾರ್ಡರಕ್ಕ ಕಟ್ಟೆ ಹತ್ತಿದಳು.

"ಕೇಳ್ರಿ! ಆ ರೂಮಲ್ಲಿ ಮೇಡಂ ಓದಿದ ಚೀಟಿ ಸುಳ್ಳು! ಪಕ್ಕದ ರೂಮಲ್ಲಿ ಯಾರೂ ಇಲ್ಲ! ನಿಮಗೆ ಕೋಪ ಬರ್ಲಿ ಅಂತ ಬೇಕಂತಲೇ ಬರೆದಿದ್ದು! ಎಲ್ಲರಿಗೂ ಅದೇ ಚೀಟಿ! ನಿಮ್ಮ ಮಕ್ಕಳ ಬಗ್ಗೆ ಅಲ್ಲಿ ಹೇಳಿದ್ದು ಒಂದಕ್ಷರಾನೂ ನಿಜ ಅಲ್ಲ! ಇನ್ನು ಯಾರಿಗೆ ಆ ರೂಮಿಗೆ ಹೋಗೋಕೆ ಇಷ್ಟ ಇಲ್ವೋ ಅವರು ಕೂತ್ಕೊಳ್ಳಿ! ಕೂತವರಿಗೆ ಯಾರಾದ್ರೂ ಏನಾದ್ರೂ ಅಂದ್ರೆ ನನ್ನನ್ನ ಕರೀರಿ!"

ಇಂಥ ಮಾತು ಆ ಕಟ್ಟೆಯ ಮೇಲಿಂದ ಬಂದೇ ಇರಲಿಲ್ಲ. ಮೊದಲು ಒಬ್ಬಳು ಕೂತಳು. ನೋಡನೋಡುತ್ತ ಇಡೀ ಸಾಲು ನೆಲಕ್ಕೆ ಕೂತಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡು, "ನಿನಗೂ ಅದನ್ನೇ ಓದಿದ್ರಾ?" "ನಿನಗೂನಾ?" ಎಂದು ಶುರುವಾದದ್ದು ಬೈಗುಳವಾಗಿ, ಅಳುವಾಗಿ, ಅಂಗಳವೆಲ್ಲ ಗಲಗಲ ಎಂದಿತು. ಅಂಥ ಮಾತನ್ನು ಯಾರು ತಾನೇ ಇನ್ನೊಬ್ಬರಿಗೆ ಹೇಳಿಕೊಂಡಾರು? ಎಲ್ಲರೂ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದರು.

ಮೇಡಂ ಓಡಿಬಂದಳು. "ಏನ್ ಮಾಡಿಬಿಟ್ರಿ! ನನ್ನ ಇಷ್ಟು ವರ್ಷದ ಕೆಲಸ ಹಾಳಾಯ್ತು!"

"ಹಾಳಾಯ್ತು ತಾನೆ? ಹಾಗಾದ್ರೆ ಮುಚ್ಚಿಡೋಕೆ ಇನ್ನೇನೂ ಉಳಿದಿಲ್ಲ. ನಡೀರಿ ಸಾಹೇಬರ ಹತ್ರ."

ಮೇಡಂ ನಡೆದಳು. ತಾನೇ ಕೆಣಕಿದ್ದೆಂದು ಸಾಹೇಬರ ಮುಂದೆ ಒಪ್ಪಿಕೊಂಡಳು. ಒಪ್ಪಿಕೊಳ್ಳುವಾಗ ಅತ್ತಳು ಕೂಡ. ವಿಚಾರಣೆ ಕೈಬಿಟ್ಟರು. ಮೇಲಿನವರನ್ನು ಕೇಳದೆ ಕೈದಿಗಳ ಮುಂದೆ ಮಾತಾಡಿದ್ದಕ್ಕೆ ವಾರ್ಡರಕ್ಕನಿಗೊಂದು ನೋಟಿಸ್ ಕೊಟ್ಟರು, ಅವಳು ಅದನ್ನು ಮಡಿಸಿ ಅಲ್ಲೇ ಗಾಳಿ ಹಾಕಿಕೊಂಡಳು. ಮುಂದಿನ ವಾರ ಸಮಿತಿ ಸೇರಿ ಕಾಜಾಳನ್ನು ಬಿಟ್ಟಿತು. ಅದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ವಾರ್ಡರಕ್ಕನ ಕೋಪ ಕಾಜಾಳ ಬಿಡುಗಡೆಗೆ ಮುಗಿಯಲಿಲ್ಲ, ಮುಗಿಯಲೂಬಾರದಿತ್ತು.

ಸಾಹೇಬರ ಕೋಣೆಯಿಂದ ಅವಳು ನೇರ ಹೋದದ್ದು ಕಾಜಾಳನ್ನು ಹಾಕಿದ್ದ ಒಂಟಿ ಕೋಣೆಗೆ. ಬೀಗ ತೆಗೆದಳು. ಕಾಜಾ ಮೂಲೆಯಲ್ಲಿ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು.

"ಏಳೇ. ಚೀಟಿ ಸುಳ್ಳಂತೆ. ಆ ಮೇಡಮ್ಮೇ ಬರೆದಿದ್ದಂತೆ. ವಿಚಾರಣೆ ಇಲ್ಲ ಏನಿಲ್ಲ. ನಿನ್ನ ಹೆಸರು ಸಮಿತಿಗೆ ಹೋಗುತ್ತೆ. ಏಳು, ಮುಖ ತೊಳಿ."

ಕಾಜಾ ತಲೆ ಎತ್ತಿ ಇವಳ ಮುಖ ನೋಡಿದಳು.

"ಎಲ್ಲರಿಗೂ ಅದನ್ನೇ ಓದಿದ್ರಾ ಅಕ್ಕ?"

"ಹೂಂ, ಎಲ್ಲರಿಗೂ."

"ಅಡುಗೆಮನೆ ಅಜ್ಜಿಗೂ?"

"ಅಜ್ಜಿಗೂ ಓದಿರ್ತಾರೆ. ಯಾಕೆ?"

"ಅವಳು ಏನೂ ಎಸೀಲಿಲ್ವಾ?"

"ಇಲ್ಲ. ತಣ್ಣಗೆ ಬಂದು ಕೆಲಸಕ್ಕೆ ಹೋದ್ಲು, ನಿನ್ನ ಥರ ಅಲ್ಲ."

"ಹಾಗಾದ್ರೆ ನನ್ನನ್ನ ಆಮೇಲೆ ನೋಡಿ ಅಕ್ಕ," ಎಂದಳು ಕಾಜಾ. "ಮೊದಲು ಅವಳನ್ನ ನೋಡಿ. ನಾನು ಸುಳ್ಳು ಅಂತ ಎಸೆದೆ. ಅವಳು ನಿಜ ಅಂದ್ಕೊಂಡಿರ್ತಾಳೆ."

ಅಡುಗೆಮನೆಯವರು ಬೆಳಗಿನ ಎಣಿಕೆಗೆ ಅಂಗಳಕ್ಕೆ ಬರುವುದಿಲ್ಲ; ಅವರನ್ನು ಒಲೆಯ ಮುಂದೆಯೇ ಎಣಿಸುತ್ತಾರೆ. ಅಜ್ಜಿ ಏನನ್ನೂ ಕೇಳಿಸಿಕೊಂಡಿರಲಿಲ್ಲ. ಮೇಡಂ ಕಾರಿಡಾರಿನಲ್ಲಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು. ಅವಳ ರಟ್ಟೆ ಹಿಡಿದು, "ಬನ್ನಿ ನನ್ನ ಜೊತೆ," ಎಂದು ದರದರ ಎಳೆದುಕೊಂಡೇ ಹೋದಳು.

ಅಜ್ಜಿ ದೊಡ್ಡ ಪಾತ್ರೆಯ ಮುಂದೆ ಕೂತು ಈರುಳ್ಳಿ ಹೆಚ್ಚುತ್ತಿದ್ದಳು. ಇಬ್ಬರನ್ನೂ ನೋಡಿ ಎದ್ದು ನಿಂತಳು.

"ಅಜ್ಜೀ, ಮೊನ್ನೆ ರೂಮಲ್ಲಿ ಓದಿದ ಚೀಟಿ ಸುಳ್ಳು," ಎಂದಳು ವಾರ್ಡರಕ್ಕ. "ಈ ಮೇಡಂ ಬೇಕಂತಲೇ ಬರೆದಿದ್ದು. ಎಲ್ಲರಿಗೂ ಅದನ್ನೇ ಓದಿದ್ದಾರೆ. ಮನಸ್ಸಿಗೆ ಹಾಕ್ಕೋಬೇಡ."

"ಸುಳ್ಳಾ?" ಎಂದಳು ಅಜ್ಜಿ. ಕೈಯಲ್ಲಿದ್ದ ಈರುಳ್ಳಿಯನ್ನು ನೋಡಿದಳು, ಅದನ್ನು ಕೆಳಗಿಟ್ಟಳು. "ನಿನ್ನೆ ಮಗ ಭೇಟಿಗೆ ಬಂದಿದ್ದನಲ್ಲ ಅಕ್ಕ. ನಾನು ಹೊರಗೆ ಹೋಗ್ಲಿಲ್ಲ. ಇನ್ಮೇಲೆ ಬರಬೇಡ, ಅಮ್ಮ ಸತ್ತಳು ಅಂದ್ಕೋ ಅಂತ ಗೇಟಿಂದ ಹೇಳಿ ಕಳಿಸಿದೆ. ಅಷ್ಟು ದೂರದಿಂದ ಬಂದಿದ್ದ. ಬಹಳ ಹೊತ್ತು ಅಲ್ಲೇ ನಿಂತಿದ್ದನಂತೆ."

ಮೇಡಂ ಚೀಲದಿಂದ ಏನೋ ಹಾಳೆ ತೆಗೆದು ನೋಡಿದಳು. "ಇವರು ಗುಂಡಿ ಒತ್ತಲೇ ಇಲ್ಲ," ಎಂದಳು, ತನಗೆ ತಾನೇ ಎಂಬಂತೆ. "ಸೊನ್ನೆ ಇದೆ ಇವರದ್ದು. ನಿಮಗೆ... ನಿಮಗೆ ಕೋಪ ಬರಲಿಲ್ವಾ ಅಜ್ಜಿ?"

"ಕೋಪ ಯಾಕೆ ಬರಬೇಕು ತಾಯಿ?" ಎಂದಳು ಅಜ್ಜಿ. "ನೀವು ಓದಿದೋರು. ನನ್ನ ಹತ್ರ ಅಷ್ಟು ಪ್ರೀತಿಯಿಂದ ಕೂತು ಕೇಳಿದ್ರಿ. ಸರಿಯಾಗೇ ಹೇಳಿರ್ತೀರಿ ಅಂದ್ಕೊಂಡೆ."

ಮೇಡಂ ಅಡುಗೆಮನೆಯ ಒದ್ದೆ ನೆಲದ ಮೇಲೆ ಕುಸಿದು ಕೂತಳು. ಮುಖ ಮುಚ್ಚಿಕೊಂಡು ಬಿಕ್ಕಿದಳು. ಬೇರೆ ಯಾರಾದರೂ ಆಗಿದ್ದರೆ ಅವಳ ಬೆನ್ನು ಸವರುತ್ತಿದ್ದರೇನೋ. ಅಜ್ಜಿಯೇ ಸವರಲು ಕೈ ಮುಂದೆ ಮಾಡಿದಳು. ವಾರ್ಡರಕ್ಕ ಆ ಕೈಯನ್ನು ತಡೆದಳು.

"ಅಳೋದು ಆಮೇಲೆ," ಎಂದಳು. "ಎದ್ದೇಳ್ರೀ. ಈಕೆ ಮಗನ ಊರು ಯಾವುದು ಅಂತ ಕೇಳ್ಕೊಳ್ಳಿ. ಬಸ್ಸು ಎಷ್ಟು ಹೊತ್ತಿಗೆ ಅಂತ ನಾನು ನೋಡ್ತೀನಿ."